ಮಾವ ತಿದ್ದಿದ ಉತ್ತರಗಳು

ನನ್ನ ಸೋದರಮಾವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಈ ವಯಸ್ಸಿನಲ್ಲಿ ಇಂಥ ಮಾತು ಶೋಭಿಸುವುದಿಲ್ಲ ಎಂದು ನನ್ನ ಮಗಳು ಮುಖ ಸಿಂಡರಿಸುತ್ತಾಳೆ. ಶೋಭಿಸದಿದ್ದರೆ ಬೇಡ. ಸಿಟ್ಟು ಇದೆ, ಇದ್ದ ಹಾಗೆ ಬರೆಯುತ್ತೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಕೊಟ್ಟೂರಿನಲ್ಲಿ. ಮುಂದಿನ ಅಂಕಣದಲ್ಲಿ ಅಪ್ಪನ ಹಿಟ್ಟಿನ ಗಿರಣಿ, ಹಿಂದೆ ನಾವು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದೆ, ವಿಜ್ಞಾನ ತೆಗೆದುಕೊಂಡಿದ್ದೆ. ಕೆಮಿಸ್ಟ್ರಿ ಹೇಗೋ ಬಾಯಿಪಾಠದಲ್ಲಿ ದಾಟುತ್ತಿತ್ತು, ಗಣಿತ ನನಗೆ ಇಷ್ಟವಿತ್ತು. ಕಷ್ಟ ಇದ್ದದ್ದು ಭೌತಶಾಸ್ತ್ರದಲ್ಲಿ. ಅದನ್ನು ಕಲಿಸುತ್ತಿದ್ದ ಮೇಷ್ಟ್ರು ದಸರೆ ರಜೆಗೆ ಊರಿಗೆ ಹೋದವರು ಅಲ್ಲಿಂದಲೇ ವರ್ಗ ಮಾಡಿಸಿಕೊಂಡು ಬಿಟ್ಟರು. ಬದಲಿಗೆ ಯಾರೂ ಬರಲಿಲ್ಲ. ಆ ಪೀರಿಯಡ್ಡಿನಲ್ಲಿ ನಾವು ಹುಡುಗಿಯರು ನಾಲ್ಕು ಜನ ಬೇವಿನ ಮರದ ಕೆಳಗೆ ಕೂತು ಶೇಂಗಾ ತಿನ್ನುತ್ತಿದ್ದೆವು.

ಇದು ಇಟ್ಟಿಗಿಯಲ್ಲಿದ್ದ ನನ್ನ ಅಜ್ಜಿಯ ಕಿವಿಗೆ ಬಿತ್ತು. ಅಜ್ಜಿ ಎಂದರೆ ಅವ್ವನ ಅವ್ವ. ನಾನು ಹುಟ್ಟಿದ ದಿನವೇ ನನ್ನನ್ನು ತನ್ನ ಒಬ್ಬನೇ ಮಗನಿಗೆ ತಂದುಕೊಳ್ಳುವುದೆಂದು ಮಾತಾಡಿಟ್ಟವಳು. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಕೇಳಿ ಮಾಡುವ ಕೆಲಸವಲ್ಲ, ಕೊಡದಿದ್ದರೆ ಕಾರಣ ಹೇಳಬೇಕಾಗುತ್ತದೆ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗಲೇ ಆಕೆ ಬಂದು ಕೂತಿದ್ದಳು. ಅಪ್ಪ ಮೊದಲ ಬಾರಿಗೆ ಮಾತು ತೆಗೆದು, ಎರಡು ವರ್ಷ ಓದಲಿ ಎಂದಿದ್ದ. ಈಗ ಆಕೆ ಎರಡನೇ ಸಲ ಬಂದು ಗಿರಣಿಯ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟಳು.

"ಓದಬ್ಯಾಡ ಅಂತ ನಾ ಅನ್ನಂಗಿಲ್ಲ. ಒಂದೇ ಸಲಕ್ಕ ಎಲ್ಲದ್ರಾಗೂ ಪಾಸಾದ್ರ ಮುಂದ ಓದ್ಲಿ, ನಾ ಬಾಯಿ ತೆಗೆಯಂಗಿಲ್ಲ. ಒಂದ್ರಾಗ ಫೇಲಾದ್ರೂ ನನ್ನ ಮಗಗ ಕೊಟ್ಟು ಬಿಡ್ರಿ. ಆಮ್ಯಾಲೆ ನೆಪ ಹೇಳಬ್ಯಾಡ್ರಿ."

ಅಪ್ಪ ಒಪ್ಪಿದ. ನಾನೂ ಒಪ್ಪಿದೆ. ಒಪ್ಪದೆ ಬೇರೆ ದಾರಿಯೇನಿತ್ತು? ಆದರೆ ಭೌತಶಾಸ್ತ್ರ ಹೇಳಿಕೊಡುವವರು ಯಾರು? ಊರಲ್ಲಿ ಟ್ಯೂಷನ್ ಹೇಳುವ ಒಬ್ಬರಿದ್ದರು, ಅವರ ಮನೆಗೆ ಗಂಡುಹುಡುಗರೇ ಹೋಗುತ್ತಿದ್ದರು. ಅವ್ವ ಆಗ ಹೇಳಿದ ಮಾತು ನನಗೆ ಈಗಲೂ ಅದರ ಧ್ವನಿಯ ಸಮೇತ ಕೇಳುತ್ತದೆ.

"ಹೊರಗಿನವ್ರು ಯಾಕ ಬೇಕು? ನನ್ನ ತಮ್ಮ ಬಿಎಸ್ಸಿ ಓದ್ಯಾನಲ್ಲ. ಐತಾರಕ್ಕೊಮ್ಮಿ ಬಂದು ಹೇಳಿಕೊಡ್ತಾನ."

ಓದಿದ್ದು ನಿಜ. ಪಾಸಾಗಿರಲಿಲ್ಲ. ಬಿಎಸ್ಸಿಯಲ್ಲಿ ಮೂರು ಸಲ ಕೂತು ಮೂರು ಸಲವೂ ಭೌತಶಾಸ್ತ್ರದಲ್ಲೇ ಹೋಗಿ, ಹೊಲ ನೋಡಿಕೊಂಡು ಇಟ್ಟಿಗಿಯಲ್ಲಿದ್ದ. ಅಂದರೆ ನಾನು ಫೇಲಾದರೆ ಯಾರ ಹೆಂಡತಿಯಾಗಬೇಕಿತ್ತೋ ಅವನೇ ನನ್ನನ್ನು ಪಾಸು ಮಾಡಿಸುವ ಮೇಷ್ಟ್ರು. ಇದರಲ್ಲಿ ಏನೋ ಎಡವಟ್ಟಿದೆ ಎಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಮನೆಯ ಹುಡುಗ, ಮನೆಯ ಹುಡುಗಿ, ಮನೆಯೊಳಗೇ ಕಲಿಕೆ. ಅವ್ವನಿಗೆ ಹಬ್ಬವಾಗಿತ್ತು, ವಾರಕ್ಕೊಮ್ಮೆ ತಮ್ಮ ಬರುತ್ತಾನಲ್ಲ ಎಂದು.

ಅವನು ಭಾನುವಾರ ಹಡಗಲಿ ಕಡೆಯಿಂದ ಬರುವ ಮೊದಲ ಬಸ್ಸಿಗೆ ಬರುತ್ತಿದ್ದ. ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಬಂದವನು ಮೊದಲು ಊಟಕ್ಕೆ ಕೂರುತ್ತಿದ್ದ. ರೊಟ್ಟಿ, ಎಣ್ಣೆಗಾಯಿ, ಮೊಸರು, ಮೇಲೆ ಅವ್ವ ಅವನಿಗೆಂದೇ ತೆಗೆದಿಟ್ಟ ಕೆನೆ. ಉಂಡು ತಾಟನ್ನು ನನ್ನ ಕಡೆ ಸರಿಸುತ್ತಿದ್ದ. ಎತ್ತುವುದು ನಾನು. ಆಮೇಲೆ ಗೋಡೆಗೆ ಒರಗಿ ಕೂತು, "ಬುಕ್ಕು ತಾರಲೇ" ಎನ್ನುತ್ತಿದ್ದ. ತಪ್ಪಿದರೆ ಮರದ ಸ್ಕೇಲಿನಿಂದ ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದ. ಜೋರಾಗಿ ಅಲ್ಲ, ಜೋರಾಗಿ ಹೊಡೆದಿದ್ದರೆ ಅಪ್ಪನಿಗೆ ಹೇಳಬಹುದಿತ್ತು. ಹೊಡೆದು ನಗುತ್ತಿದ್ದ. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬೇರೆ ಪಾಠಗಳನ್ನು ಅವನು ಸುಮಾರಾಗಿ ಹೇಳುತ್ತಿದ್ದ, ಸುಳ್ಳು ಹೇಳಬಾರದು. ಬೆಳಕು, ಮಸೂರ ಎಲ್ಲ ನನಗೆ ಅವನಿಂದಲೇ ತಿಳಿದದ್ದು. ಜಗಳ ಶುರುವಾದದ್ದು ಘರ್ಷಣೆಯ ಲೆಕ್ಕಗಳಿಗೆ ಬಂದಾಗ. ಒಂದನ್ನೊಂದು ಮುಟ್ಟಿಕೊಂಡಿರುವ ವಸ್ತುಗಳು, ಒಂದು ಇನ್ನೊಂದನ್ನು ಎಷ್ಟು ದಬ್ಬುತ್ತದೆ, ಎಷ್ಟು ಹಿಡಿಯುತ್ತದೆ ಎನ್ನುವ ಅಧ್ಯಾಯ. ಪುಸ್ತಕದ ಮೂರನೆಯ ಲೆಕ್ಕ ಹೀಗಿತ್ತು. ನುಣುಪಾದ ನೆಲದ ಮೇಲೆ ಎಂಟು ಕಿಲೋ ತೂಕದ ಹಲಗೆ. ಅದರ ಮೇಲೆ ಎರಡು ಕಿಲೋದ ಪೆಟ್ಟಿಗೆ. ಹಲಗೆಯನ್ನು ಇಪ್ಪತ್ತು ನ್ಯೂಟನ್ ಬಲದಿಂದ ಎಳೆದರೆ ಪೆಟ್ಟಿಗೆ ಜಾರದೆ ಹಲಗೆಯ ಜೊತೆಗೇ ಹೋಗುತ್ತದೆ. ಪೆಟ್ಟಿಗೆಯ ಮೇಲೆ ಘರ್ಷಣೆ ಎಷ್ಟು, ಯಾವ ಕಡೆಗೆ?

"ಘರ್ಷಣಿ ಅಂದ್ರೇನು? ಅಡ್ಡಗಾಲು," ಎಂದ ಮಾವ. "ಯಾವಾಗ್ಲೂ ಹಿಂದಕ್ಕ ಎಳಿತೈತಿ. ಬಾಣ ಹಿಂದಕ್ಕ ಹಾಕು."

ನಾನು ಬಾಣ ಹಿಂದಕ್ಕೆ ಬರೆದೆ. ಆಮೇಲೆ ಚಿತ್ರ ನೋಡುತ್ತಾ ಕೇಳಿದೆ, "ಮಾಮಾ, ಪೆಟ್ಟಿಗಿಗೆ ಹಗ್ಗ ಕಟ್ಟಿಲ್ಲ. ಘರ್ಷಣೀನೂ ಹಿಂದಕ್ಕ ಎಳದ್ರ, ಅದನ್ನ ಮುಂದಕ್ಕ ಒಯ್ಯೋದು ಯಾವುದು?"

"ಹಲಗಿ ಒಯ್ತೈತಿ."

"ಹೆಂಗ ಒಯ್ತೈತಿ?"

ಉತ್ತರಕ್ಕೆ ಸ್ಕೇಲು ಬಂತು. ನಾನು ಗಿಣ್ಣು ಬಾಯಲ್ಲಿಟ್ಟುಕೊಂಡು ಪುಸ್ತಕದ ಕೊನೆಯ ಪುಟ ತೆಗೆದೆ. ಅಲ್ಲಿ ಉತ್ತರ ಸ್ಪಷ್ಟವಾಗಿತ್ತು: ನಾಲ್ಕು ನ್ಯೂಟನ್, ಹಲಗೆ ಎಳೆದ ದಿಕ್ಕಿಗೇ. ಅವನಿಗೆ ತೋರಿಸಿದೆ. ಅವನು ಪುಸ್ತಕ ಕಸಿದುಕೊಂಡು ನೋಡಿದ, ಹುಬ್ಬು ಗಂಟಿಕ್ಕಿದ, ಕೆಂಪು ಪೆನ್ನು ತೆಗೆದ.

"ಪ್ರಿಂಟಾಗೋವಾಗ ತಪ್ಪು ಬಿದ್ದೈತಿ," ಎಂದು ಆ ಉತ್ತರವನ್ನು ಹೊಡೆದು ಹಾಕಿ ಪಕ್ಕದಲ್ಲಿ 'ಹಿಂದಕ್ಕೆ' ಎಂದು ಬರೆದ.

ಅಚ್ಚಾದ ಪುಸ್ತಕವನ್ನು ತಿದ್ದುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮುಂದಿನ ಭಾನುವಾರಗಳಲ್ಲಿ ಅವನು ಇನ್ನೂ ಆರು ಉತ್ತರಗಳನ್ನು ತಿದ್ದಿದ. ಮುಟ್ಟಿಕೊಂಡಿರುವ ಎರಡು ಪೆಟ್ಟಿಗೆ, ಒಂದು ಮೂರು ಕಿಲೋ, ಒಂದು ಎರಡು ಕಿಲೋ. ಮೂರು ಕಿಲೋದ್ದನ್ನು ಹತ್ತು ನ್ಯೂಟನ್ನಿನಿಂದ ದಬ್ಬಿದರೆ ಅದು ಪಕ್ಕದ್ದನ್ನು ಎಷ್ಟು ದಬ್ಬುತ್ತದೆ? ಪುಸ್ತಕ ನಾಲ್ಕು ಅಂದಿತ್ತು. ಮಾವ ಹತ್ತಕ್ಕೆ ಹತ್ತೂ ಪಕ್ಕದ್ದಕ್ಕೆ ಹೋಗುತ್ತದೆ ಎಂದ. ಹತ್ತನ್ನೂ ಪಕ್ಕದ್ದಕ್ಕೆ ಕೊಟ್ಟುಬಿಟ್ಟರೆ ಮೊದಲನೆಯದು ತಾನು ಸರಿಯುವುದು ಯಾವುದರಿಂದ? ಕೇಳಲಿಲ್ಲ. ಬೆರಳು ನನ್ನವು.

ಇವನು ಬೇಕೆಂದೇ ತಪ್ಪು ಕಲಿಸುತ್ತಿದ್ದಾನೆ ಎಂದು ನನಗೆ ಹೊಳೆದದ್ದು ಆಗ. ಹೊಳೆದ ಕೂಡಲೇ ಎಲ್ಲವೂ ಸರಿಯಾಗಿ ಕೂತಿತು. ಬೆಳಕು, ಮಸೂರ ಎಲ್ಲ ಸರಿಯಾಗಿ ಹೇಳಿಕೊಟ್ಟು ನಂಬಿಕೆ ಹುಟ್ಟಿಸುವುದು. ಹೆಚ್ಚು ಅಂಕ ಬರುವ ಅಧ್ಯಾಯದಲ್ಲಿ ಕಾಲು ಎಳೆಯುವುದು. ನಾನು ಫೇಲಾಗುವುದು. ಆಮೇಲೆ ಇಟ್ಟಿಗಿಯಲ್ಲಿ ಅವನ ತಾಟು ದಿನಕ್ಕೆರಡು ಸಲ ನನ್ನ ಕಡೆ ಸರಿಯುವುದು. ಅವ್ವನಿಗೆ ಹೇಳಲು ಹೋದೆ. ಆಕೆ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, "ನನ್ನ ತಮ್ಮ ನಿನಗ ಕೇಡು ಬಗಿತಾನಾ? ನಾಲಿಗಿ ಬಿಗಿ ಹಿಡಿ," ಎಂದಳು. ಅಲ್ಲಿಗೆ ಅದು ಮುಗಿಯಿತು.

ನನಗೆ ಪಾಠ ಸಿಕ್ಕಿದ್ದು ಗಿರಣಿಯಲ್ಲಿ. ಮೋಟಾರಿನ ಚಕ್ರದಿಂದ ಬೀಸುವ ಕಲ್ಲಿನ ಚಕ್ರಕ್ಕೆ ಒಂದು ಅಗಲವಾದ ಪಟ್ಟಾ ಹೋಗುತ್ತಿತ್ತು. ಒಂದು ದಿನ ಯಾರೋ ಹಸಿ ಆರದ ಜೋಳ ತಂದು ಸುರಿದಿದ್ದರು. ಕಲ್ಲು ಭಾರವಾಗಿ, ಪಟ್ಟಾ ಚಕ್ರದ ಮೇಲೆ ಜಾರತೊಡಗಿತು. ಮೋಟಾರು ಸುತ್ತುತ್ತಲೇ ಇತ್ತು, ಕಲ್ಲು ನಿಂತಿತ್ತು, ರಬ್ಬರಿನ ಸುಟ್ಟ ವಾಸನೆ. ಅಪ್ಪ ಎಂದಿನಂತೆ ಡಬ್ಬಿಯಿಂದ ಒಂದು ಚಿಟಿಕೆ ರಾಳದ ಪುಡಿ ತೆಗೆದು ಪಟ್ಟಾದ ಒಳಮೈಗೆ ಎರಚಿದ. ಅಂಟು ಹಿಡಿದು ಕಲ್ಲು ತಿರುಗಿತು. ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ.

"ಅಪ್ಪಾ, ಕಲ್ಲು ತಿರುಗಸೋದು ಯಾವುದು?" ಎಂದು ಕೇಳಿದೆ.

ನಾಲ್ಕನೇ ಇಯತ್ತೆ ಓದಿದ ಅಪ್ಪ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. "ಪಟ್ಟಾದ ಹಿಡಿತ. ಹಿಡಿತ ಇದ್ರ ತಿರುಗತೈತಿ, ಜಾರಿದ್ರ ನಿಲ್ಲತೈತಿ. ಇದನ್ನ ಕಾಲೇಜಿನ್ಯಾಗ ಹೇಳಂಗಿಲ್ಲೇನು?"

ಘರ್ಷಣೆ ಎಂದರೆ ಅಡ್ಡಗಾಲಂತೆ! ಘರ್ಷಣೆ ಇಲ್ಲದಿದ್ದರೆ ಕೊಟ್ಟೂರಿನ ಅರ್ಧ ಮಂದಿಗೆ ಅಂದು ರೊಟ್ಟಿ ಇರುತ್ತಿರಲಿಲ್ಲ. ಅದು ತಡೆಯುವುದು ಜಾರುವುದನ್ನು, ಹೋಗುವುದನ್ನಲ್ಲ. ಹಲಗೆ ಮುಂದೆ ಹೋದಾಗ ಪೆಟ್ಟಿಗೆ ಹಿಂದುಳಿಯದಂತೆ ಹಿಡಿದು ಮುಂದಕ್ಕೆ ಒಯ್ಯುವುದೇ ಅದು. ನಾನು ಹಿಟ್ಟಿನ ಧೂಳಿನಲ್ಲೇ ಕೂತು ಗಿರಣಿಯ ಚೀಟಿಯೊಂದರ ಹಿಂದೆ ಲೆಕ್ಕ ಮಾಡಿದೆ. ಎರಡೂ ಸೇರಿ ಹತ್ತು ಕಿಲೋ, ಬಲ ಇಪ್ಪತ್ತು, ವೇಗೋತ್ಕರ್ಷ ಎರಡು. ಪೆಟ್ಟಿಗೆಗೆ ಬೇಕಾದದ್ದು ಎರಡೆರಡಲೇ ನಾಲ್ಕು. ಪುಸ್ತಕ ಸರಿಯಾಗಿಯೇ ಇತ್ತು. ನನಗೆ ಸಂತೋಷವಾಗಲಿಲ್ಲ, ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು.

ಅಂದಿನಿಂದ ಎರಡು ನೋಟ್‌ಬುಕ್ಕು ಇಟ್ಟೆ. ಒಂದು ಮಾವನಿಗೆ, ಒಂದು ನನಗೆ. ಕರೆಂಟು ಹೋಗಿ ಗಿರಣಿ ಸುಮ್ಮನಾದ ಮಧ್ಯಾಹ್ನಗಳಲ್ಲಿ, ಅವನು ಕೆಂಪಿನಲ್ಲಿ ಹೊಡೆದುಹಾಕಿದ ಏಳು ಉತ್ತರಗಳನ್ನೂ ಒಂದೊಂದಾಗಿ ಮಾಡಿ ನೋಡಿದೆ. ಏಳೂ ಪುಸ್ತಕದ್ದೇ ಸರಿ. ಭಾನುವಾರ ಬಂದರೆ ಅವನ ಮುಂದೆ ಕೂತು ಬಾಣಗಳನ್ನೆಲ್ಲ ಹಿಂದಕ್ಕೆ ಹಾಕಿ ತೋರಿಸುತ್ತಿದ್ದೆ. ತಪ್ಪನ್ನು ಅಷ್ಟು ಮುತುವರ್ಜಿಯಿಂದ, ಅಷ್ಟು ಚಂದದ ಅಕ್ಷರದಲ್ಲಿ ನಾನು ಎಂದೂ ಬರೆದಿಲ್ಲ.

"ಈಗ ಬುದ್ಧಿ ಬಂತು ನೋಡು ನಿನಗ," ಎಂದು ಅವನು ಸ್ಕೇಲು ಕೆಳಗಿಡುತ್ತಿದ್ದ.

ನಗು, ನಗು, ಎಂದುಕೊಳ್ಳುತ್ತಿದ್ದೆ. ಪರೀಕ್ಷೆಯಲ್ಲಿ ಹಲಗೆ ಮತ್ತು ಪೆಟ್ಟಿಗೆಯ ಲೆಕ್ಕವೇ ಅಂಕಿ ಬದಲಿಸಿಕೊಂಡು ಬಂತು. ಬಾಣ ಮುಂದಕ್ಕೆ ಹಾಕಿದೆ, ಕಾಗದ ಹರಿಯುವಷ್ಟು ಒತ್ತಿ ಹಾಕಿದೆ. ಮೇ ತಿಂಗಳ ಕೊನೆಗೆ ಫಲಿತಾಂಶ ಬಂತು. ಎಲ್ಲದರಲ್ಲೂ ಪಾಸು.

ನಾನು ಗೆದ್ದೆ ಎಂದುಕೊಂಡೆ. ಎಂಥ ದಡ್ಡಿ! ನಾಲ್ಕನೇ ದಿನ ಅಜ್ಜಿ ಬಂದಳು. ಒಬ್ಬಳೇ ಅಲ್ಲ, ಮಾವನೂ ಇದ್ದ, ಊರಿನ ಇಬ್ಬರು ಹಿರಿಯರೂ ಇದ್ದರು. ಅಜ್ಜಿಯ ಕೈಯಲ್ಲಿ ಎಲೆ ಅಡಿಕೆ ಸುಣ್ಣ, ಸೀರೆ ಕುಬಸ, ಒಂದು ಅಚ್ಚು ಬೆಲ್ಲ ಇಟ್ಟ ತಾಟು. ಅದನ್ನು ಪಡಸಾಲೆಯಲ್ಲಿ ಒಂದು ಮಣೆಯ ಮೇಲೆ ಇಟ್ಟು ಕೂತು ಹೇಳಿದಳು.

"ಹುಡುಗಿ ಪಾಸಾದ್ಳು, ಭಾಳ ಸಂತೋಷ. ಪಾಸ್ ಮಾಡಿಸಿದಾವ ಯಾರು? ನನ್ನ ಮಗ. ಐದು ತಿಂಗಳು ಬಸ್ಸಿನ್ಯಾಗ ಓಡಾಡ್ಯಾನ, ಒಂದು ಐತಾರ ತಪ್ಪಿಸಿಲ್ಲ. ಹಿಂತಾ ಗಂಡು ದೀಪ ಹಚ್ಚಿ ಹುಡುಕಿದ್ರ ಸಿಕ್ಕಾನೇನು? ಓದೋದಿದ್ರ ಲಗ್ನಾದ ಮ್ಯಾಲೆ ಅವನ ಹತ್ರನ ಓದ್ಲಿ."

ಹಿರಿಯರು ತಲೆಯಾಡಿಸಿದರು. ಅವ್ವ ಕಣ್ಣೊರೆಸಿಕೊಂಡಳು, ಆನಂದಕ್ಕೆ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ನೆಲ ನೋಡುತ್ತಿದ್ದ. ಮಾತು ಮುರಿದದ್ದು ಅಜ್ಜಿ, ಆದರೆ ಅದನ್ನು ಎತ್ತಿ ಆಡುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಮಾವ ಗೋಡೆಗೆ ಒರಗಿ ಅದೇ ನಗು ನಗುತ್ತಿದ್ದ. ಫೇಲಾದರೂ ಅವನಿಗೆ, ಪಾಸಾದರೂ ಅವನಿಗೆ!

ನಾನು ಎದ್ದು ಹೋಗಿ ಮಣೆಯ ಮೇಲಿನ ತಾಟನ್ನು ಎತ್ತಿ ನೆಲಕ್ಕಿಟ್ಟೆ. ಅಜ್ಜಿ, "ಅಯ್ಯ, ಶಾಸ್ತ್ರದ್ದು, ಮುಟ್ಟಬ್ಯಾಡ," ಎಂದಳು. ಮುಟ್ಟಿದೆ. ಬೆಲ್ಲದ ಅಚ್ಚನ್ನು ತೆಗೆದು ಮಣೆಯ ಮೇಲೆ ಕೂರಿಸಿದೆ. ತಾಟಿನಲ್ಲಿದ್ದ ಸುಣ್ಣವನ್ನು ಬೆರಳಿಗೆ ತೆಗೆದುಕೊಂಡು, ಬೆಲ್ಲಕ್ಕೆ ನೇರವಾಗಿ ಪಕ್ಕದ ನೆಲದ ಮೇಲೆ ಒಂದು ಗೆರೆ ಎಳೆದೆ.

"ಮಾಮಾ, ಎಲ್ಲರ ಮುಂದ ಹೇಳು. ಈ ಮಣಿ ಎಳದ್ರ, ಮಣಿ ಈ ಬೆಲ್ಲನ್ನ ಯಾವ ಕಡಿಗೆ ದಬ್ಬತೈತಿ?"

"ಹಿಂದಕ್ಕ," ಎಂದ, ನಗು ನಿಲ್ಲಿಸದೆ.

ಎಳೆದೆ. ಬೆಲ್ಲ ಮಣೆಯ ಜೊತೆ ಗೆರೆ ದಾಟಿ ಮುಂದಕ್ಕೆ ಬಂತು. "ಹಿಂದಕ್ಕ ದಬ್ಬಿದ್ದು ಮುಂದಕ್ಕ ಯಾಕ ಬಂತು? ಇದಕ್ಕ ಹಗ್ಗ ಕಟ್ಟೀನೇನು?" ಎಂದು ಕೇಳಿದೆ. ನನ್ನ ಧ್ವನಿ ಗಿರಣಿಯ ಕಟ್ಟೆಯವರೆಗೂ ಹೋಗುತ್ತಿತ್ತು, ಬೀಸಿಸಲು ಬಂದ ಹೆಂಗಸರು ಬಾಗಿಲಿಗೆ ಬಂದು ನಿಂತರು. "ಐದು ತಿಂಗಳು ಹೇಳಿಕೊಟ್ಟಿದ್ದು ಇದು. ನೀ ಕಲಿಸಿದ್ದು ಬರೆದಿದ್ರ ಇವತ್ತು ನಾ ಫೇಲು. ನೀ ಹೇಳಿದ್ದಕ್ಕೆಲ್ಲ ತಿರುವು ಬರದು ಪಾಸಾಗೀನಿ. ನಾ ಫೇಲಾಗಲಿ ಅಂತ ಬೇಕಂತ ತಪ್ಪು ಹೇಳಿಕೊಟ್ಟಿ. ಇಂತಾ ಮನುಷ್ಯಾಗ ನಾ ನೀರು ಸಹಿತ ಕೊಡಂಗಿಲ್ಲ."

ಮಾವ ಮುಂದೆ ಬಂದು, ಬೆಲ್ಲದ ಸಮೇತ ಮಣೆಯನ್ನು ಮತ್ತೆ ಗೆರೆಗೆ ಸರಿಸಿ, ಜೋರಾಗಿ ಜಗ್ಗಿದ. ಬೆಲ್ಲ ಮಣೆಯಿಂದ ಜಾರಿ ಹಿಂದೆ ಬಿತ್ತು. "ನೋಡ್ರಿ, ಹಿಂದಕ್ಕ ಬಿತ್ತಲ್ಲ," ಎಂದ.

"ಮಣಿಗಿಂತ ಹಿಂದ ಬಿತ್ತು. ತಾನು ಮೊದಲು ಕುಂತ ಜಾಗಕ್ಕಿಂತ ಮುಂದ ಐತಿ, ಗುರ್ತು ನೋಡು."

ಅವನು ನೋಡಿದ. ಬೆಲ್ಲ ಕೂತಿದ್ದ ಜಾಗದಿಂದ ಎರಡು ಬೆರಳು ಮುಂದೆ ಬಿದ್ದಿತ್ತು. ಅವನು ಮಂಡಿಯೂರಿ ಕೂತು ಬೆಲ್ಲವನ್ನು ಮತ್ತೆ ಮಣೆಯ ಮೇಲಿಟ್ಟು ಮೆಲ್ಲಗೆ ಎಳೆದ. ಇನ್ನೊಮ್ಮೆ ಇಟ್ಟು ಎಳೆದ. ನಾಲ್ಕನೆಯ ಸಲ ಎಳೆದು, ಅಲ್ಲಿರುವವರನ್ನೆಲ್ಲ ಮರೆತವನ ಹಾಗೆ ನನ್ನ ಕಡೆ ತಿರುಗಿ ಹೇಳಿದ.

"ಮೂರು ಸಲಾನೂ ಈ ಪ್ರಶ್ನಿ ಬಂದಿತ್ತು. ಮೂರು ಸಲಾನೂ ಹಿಂದಕ್ಕಂತ ಬರದೀನಿ."

ಆಗ ನನಗೆ ಗೊತ್ತಾಯಿತು. ಅವನು ಬೇಕೆಂದು ಮಾಡಿರಲಿಲ್ಲ. ಅವನಿಗೆ ಬರುತ್ತಿರಲಿಲ್ಲ, ಅಷ್ಟೇ. ಕನಿಕರ ಬರಬೇಕಿತ್ತು ಎಂದು ಕೇಳಿದವರೆಲ್ಲ ಹೇಳುತ್ತಾರೆ. ನನಗೆ ಬಂದದ್ದು ಮೊದಲಿಗಿಂತ ಹೆಚ್ಚು ಸಿಟ್ಟು. ಮೋಸಗಾರನಾಗಿದ್ದರೆ ಅವನಿಗೆ ಸರಿ ಯಾವುದು ಎಂದಾದರೂ ತಿಳಿದಿರುತ್ತಿತ್ತು. ಇವನು ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಸ್ಕೇಲು ಹಿಡಿದು ಕಲಿಸಿ, ಅಚ್ಚಾದದ್ದನ್ನು ಹೊಡೆದುಹಾಕಿ, ನನ್ನ ಬದುಕನ್ನೂ ಹಾಗೆಯೇ ಹೊಡೆದುಹಾಕುತ್ತಿದ್ದ. ಅದೂ ಒಳ್ಳೆಯ ಮನಸ್ಸಿನಿಂದ. ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೇಕಂತ ಮಾಡಲಿಲ್ಲ ಎಂದು ಅಲ್ಲಿದ್ದವರಿಗೆ ಹೇಳಬಹುದಿತ್ತು, ಹೇಳಲಿಲ್ಲ.

ಅಜ್ಜಿ ಸೀರೆ ಕುಬಸವನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಬೆಲ್ಲವನ್ನು ಅಲ್ಲೇ ಬಿಟ್ಟಳು. ಮಾವ ಹಿಂದೆ ನೋಡದೆ ನಡೆದ. ಅಪ್ಪ ಆ ಸಂಜೆ ನನಗೆ ಒಂದೇ ಮಾತು ಹೇಳಿದ: "ಬಿಎಸ್ಸಿ ಫಾರ್ಮು ತಂದು ತುಂಬು." ಜೂನಿನಲ್ಲಿ ಕಾಲೇಜಿಗೆ ಸೇರಿದೆ.

ಆಮೇಲೆ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗದೆ ಹೆಣ್ಣುಮಗಳು ತಾನಾಗಿ ತವರಿಗೆ ಹೋಗುವುದಿಲ್ಲ. ಮದುವೆಯಾದಾಗಿನಿಂದ ಅವ್ವ ಒಂದು ವರ್ಷವೂ ತಪ್ಪಿಸಿರಲಿಲ್ಲ. ಮಾವ ಚಡ್ಡಿ ಹಾಕುವ ವಯಸ್ಸಿನಲ್ಲೇ ಅಜ್ಜನ ಜೊತೆ ಅವಳನ್ನು ಕರೆಯಲು ಬರುತ್ತಿದ್ದನಂತೆ. ಆ ವರ್ಷವೂ ಅವ್ವ ಶೇಂಗಾದ ಉಂಡಿ, ಎಳ್ಳಿನ ಉಂಡಿ ಕಟ್ಟಿದಳು. ಮುಂಜಾನೆಯೇ ತಲೆಗೆ ಎರೆದುಕೊಂಡು, ಹಸಿರು ಸೀರೆ ಉಟ್ಟು, ಚೀಲ ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಳು. ಹಡಗಲಿ ಕಡೆಯ ಮೊದಲ ಬಸ್ಸು ಬಂತು. ಮಧ್ಯಾಹ್ನದ್ದು ಬಂತು. ಸಂಜೆಯದೂ ಬಂದು, ಇಳಿದವರೆಲ್ಲ ತಮ್ಮ ತಮ್ಮ ಮನೆಗಳಿಗೆ ಹೋದರು.

ಅವ್ವ ಒಳಗೆ ಬಂದು ಚೀಲ ಬಿಚ್ಚಿ ಉಂಡಿಗಳನ್ನು ಡಬ್ಬಿಗೆ ಹಾಕತೊಡಗಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಏನಾದರೂ ಹೇಳಬೇಕೆಂದು, "ತಪ್ಪು ಅವಂದ ಇತ್ತವ್ವ, ಎಲ್ಲಾರೂ ನೋಡಿದ್ರಲ್ಲ," ಎಂದೆ.

"ಅವಂದ ತಪ್ಪು," ಎಂದಳು ಅವ್ವ, ತಲೆ ಎತ್ತದೆ. "ನೀ ಪಾರಾದಿ, ಛಲೋ ಆತು. ಇನ್ನ ಪಂಚಮಿಗೆ ನಾ ಯಾರ ಮನಿಗೆ ಹೋಗ್ಲಿ, ಅದನ್ನೊಂದು ಹೇಳು."

ಡಬ್ಬಿಯ ಮುಚ್ಚಳ ಹಾಕಿ, ಹಸಿರು ಸೀರೆಯಲ್ಲೇ ಒಲೆಯ ಮುಂದೆ ಕೂತಳು.